ನಾಲ್ಕು ಗಂಟೆ ಎರಡು ನಿಮಿಷದ ಪಟ್ಟಿ

ಬೆಳಗಿನ ಐದೂಕಾಲು. ಯಲ್ಲಾಪುರದ ಹೆದ್ದಾರಿಯಲ್ಲಿ ಅಂಕೋಲೆಯ ಕಡೆ ಇಳಿಯುವ ಲಾರಿಗಳು ಒಂದರ ಹಿಂದೊಂದು ಸಾಗುತ್ತಿವೆ. ರಸ್ತೆಯಿಂದ ಒಂದು ಫರ್ಲಾಂಗು ಒಳಗೆ, ಮರದ ಡಿಪೋದ ಬೆನ್ನಿಗೆ ಹದಿನಾರು ಹಾಸಿಗೆಯ ಒಂದು ಟ್ರಸ್ಟ್ ಆಸ್ಪತ್ರೆ. ಮೊದಲು ಗಾಲಿಕುರ್ಚಿ ಇಡುತ್ತಿದ್ದ ಅದರ ಮೂಲೆಕೋಣೆಯಲ್ಲಿ ದೀಪ ಉರಿಯುತ್ತಿದೆ. ಶಾಲು ಹೊದ್ದು ಮೇಜಿನ ಮುಂದೆ ಕುಳಿತ ಮಹಿಳೆ ಕಂಪ್ಯೂಟರಿಗೆ ಕೈ ಹಚ್ಚುವ ಮೊದಲು ಗೋಡೆಯ ಮೇಲಿನ ವೋಲ್ಟೇಜ್ ಮೀಟರ್ ನೋಡುತ್ತಾರೆ.

“ಇನ್ನೂರಾ ಇಪ್ಪತ್ತಾರು ಅದೆ. ಅಡ್ಡಿಲ್ಲ” ಎನ್ನುತ್ತಾರೆ. “ಎಂಟು ಗಂಟೆಗೆ ಈ ಸುತ್ತಿನ ಮೂರೂ ಸಾ ಮಿಲ್ಲು ಶುರು ಆಗ್ತವೆ. ಆಮೇಲೆ ನೂರಾ ಎಪ್ಪತ್ತಕ್ಕೆ ಇಳೀತದೆ. ಅಷ್ಟರೊಳಗೆ ನನ್ನ ಕೆಲಸ ಮುಗೀಬೇಕು.”

ಇವರು ಚೇತನಾ ನಾಯ್ಕ, ಶಿರಸಿ ತಾಲ್ಲೂಕಿನ ಎಕ್ಕಂಬಿಯವರು. ವಯಸ್ಸು ಮೂವತ್ತಮೂರು. ಶಿರಸಿಯಲ್ಲಿ ಹದಿನಾಲ್ಕು, ಸಿದ್ದಾಪುರದಲ್ಲಿ ಒಂಬತ್ತು, ಯಲ್ಲಾಪುರದಲ್ಲಿ ಎಂಟು, ಒಟ್ಟು ಮೂವತ್ತೊಂದು ಕಂಪ್ಯೂಟರುಗಳ ಯೋಗಕ್ಷೇಮ ಇವರ ಪಾಲಿಗೆ ಬಂದಿದೆ. ಶಾಲೆಯದು, ಗ್ರಂಥಾಲಯದ್ದು, ಒಂದು ಮುದ್ರಣಾಲಯದ್ದು, ಈ ಆಸ್ಪತ್ರೆಯದು. ಎಕ್ಕಂಬಿಯಿಂದ ಆರೂ ಹತ್ತಕ್ಕೆ ಹೊರಡುವ ಮೊದಲ ಬಸ್ಸಿನಲ್ಲಿ ಚಾಲಕನ ಹಿಂದಿನ ಸೀಟು ಹೆಚ್ಚುಕಡಿಮೆ ಇವರದೇ. ವಾರಕ್ಕೆ ಐನೂರು ಆರುನೂರು ಕಿಲೋಮೀಟರ್ ಬಸ್ಸಿನಲ್ಲೇ ಕಳೆಯುತ್ತದೆ. ಹೆಗಲಚೀಲದಲ್ಲಿ ನಾಲ್ಕು ಸ್ಕ್ರೂಡ್ರೈವರ್, ದೂಳು ಝಾಡಿಸುವ ಒಂದು ಬಣ್ಣದ ಬ್ರಷ್, ಟವೆಲಿನಲ್ಲಿ ಸುತ್ತಿದ ಒಂದು ಖಾಲಿ ಹಾರ್ಡ್ ಡಿಸ್ಕ್, ಸಿ.ಡಿ.ಗಳ ಕಟ್ಟು, ಇನ್ನೂರು ಪುಟದ ನೋಟ್‌ಬುಕ್ಕು ಸದಾ ಇರುತ್ತವೆ.

ಪ್ರತಿ ತಿಂಗಳ ಎರಡನೇ ಶನಿವಾರ ಈ ಆಸ್ಪತ್ರೆಯಲ್ಲಿ ಮೂರ್ಛೆ ರೋಗ ಮತ್ತು ಮಾನಸಿಕ ಕಾಯಿಲೆಗಳ ಶಿಬಿರ ನಡೆಯುತ್ತದೆ. ಧಾರವಾಡದಿಂದ ತಜ್ಞ ವೈದ್ಯರು ಬಂದು ಸಂಜೆ ನಾಲ್ಕರವರೆಗೆ ನೂರಾ ನಲವತ್ತರ ಆಸುಪಾಸು ರೋಗಿಗಳನ್ನು ನೋಡಿ ಹೋಗುತ್ತಾರೆ. ಒಬ್ಬರಿಗೆ ಮೂರು ನಿಮಿಷ ಸಿಕ್ಕರೆ ಹೆಚ್ಚು. ಯಾರಿಗೆ ಯಾವ ಮಾತ್ರೆ, ಎಷ್ಟು, ಹಿಂದೆ ಯಾವುದು ಕೊಟ್ಟಾಗ ತೊಂದರೆಯಾಗಿತ್ತು ಎಂಬುದೆಲ್ಲ ಈ ಕಂಪ್ಯೂಟರಿನಲ್ಲಿದೆ. ಕಾಡಿನ ದಾರಿಯಲ್ಲಿ ನಡೆದು ಬರುವವರ ಕೈಯ ಚೀಟಿ ತಿಂಗಳೊಪ್ಪತ್ತು ಬಾಳುವುದಿಲ್ಲ. ಹಾಗಾಗಿ ಶಿಬಿರದ ಹಿಂದಿನ ದಿನವೇ ಚೇತನಾ ಬಂದು, ನರ್ಸ್ ಗುರುಶಾಂತವ್ವನವರ ಕ್ವಾರ್ಟರ್ಸಿನಲ್ಲಿ ಉಳಿದು, ಬೆಳಗಾಗುವ ಮೊದಲು ಯಂತ್ರವನ್ನು ಒಮ್ಮೆ ಪೂರ್ತಿ ಪರೀಕ್ಷಿಸುತ್ತಾರೆ. ಈ ಪದ್ಧತಿ ಶುರುವಾದದ್ದು 2006ರ ನವೆಂಬರಿನಲ್ಲಿ. ಆ ನಾಲ್ಕು ದಿನಗಳ ಕತೆಯನ್ನು ಅವರಾಗಿ ಹೇಳುವುದಿಲ್ಲ, ಗುರುಶಾಂತವ್ವ ಹೇಳಿಸುತ್ತಾರೆ.

ಅದಕ್ಕೂ ಮೊದಲು ಚೇತನಾ ಈ ಕೆಲಸಕ್ಕೆ ಬಂದ ದಾರಿ ತಿಳಿಯಬೇಕು.

ತಂದೆ ಚೌಡ ನಾಯ್ಕರು ಊರಿನ ಅಕ್ಕಿ ಗಿರಣಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದರು. ಎರಡು ಎಕರೆ ಗದ್ದೆಯ ಕೆಲಸವೆಲ್ಲ ತಾಯಿ ನಾಗಿಯವರದು. ರಜೆಯಲ್ಲಿ ಅಪ್ಪನಿಗೆ ಬುತ್ತಿ ಒಯ್ದ ಮಗಳು ಗಿರಣಿಯಲ್ಲೇ ಕೂತು ಬಿಡುತ್ತಿದ್ದಳು. ಇಂಜಿನ್ ಬಿಚ್ಚುವ ದಿನ ಚೌಡ ನಾಯ್ಕರು ನೆಲದ ಮೇಲೆ ಹಳೆಯ ಪಂಚೆ ಹಾಸಿ, ತೆಗೆದ ಒಂದೊಂದು ಬೋಲ್ಟನ್ನೂ ತೆಗೆದ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದರು. ಮಗಳ ಕೆಲಸ ಆ ಸಾಲು ಕಾಯುವುದು. ಕೋಳಿ ಬಂದು ಕೆದರಿದರೆ ಅವಳಿಗೆ ಬೈಗುಳ.

ಪಿಯುಸಿಯಲ್ಲಿ ಇಂಗ್ಲಿಷ್ ಎರಡು ಸಲ ಕೈಕೊಟ್ಟಿತು. ಮೂರನೇ ಸಲ ಕಟ್ಟುವ ಮನಸ್ಸಾಗಲಿಲ್ಲ. ಶಿರಸಿಯ ಒಂದು ಟೈಪಿಂಗ್ ಕ್ಲಾಸಿಗೆ ಸೇರಿ, ಕನ್ನಡ ಇಂಗ್ಲಿಷ್ ಎರಡೂ ಟೈಪಿಂಗ್ ಪಾಸಾಗಿ, ಅಲ್ಲಿಯೇ ಕಲಿಸುವ ಕೆಲಸಕ್ಕೆ ನಿಂತರು. 1996ರಲ್ಲಿ ಕ್ಲಾಸಿನ ಮಾಲೀಕರು ಒಂದು ಕಂಪ್ಯೂಟರ್ ತಂದು, ಅದಕ್ಕೊಂದು ಕಸೂತಿ ಹಾಕಿದ ಬಟ್ಟೆ ಹೊದಿಸಿ, ಚಪ್ಪಲಿ ಬಿಟ್ಟು ಒಳಗೆ ಬರಬೇಕೆಂಬ ಫಲಕ ತಗಲಿಸಿದರು. ಮುಟ್ಟುವ ಧೈರ್ಯ ಅವರಿಗೇ ಇರಲಿಲ್ಲ. ದಿನಾ ದೂಳು ಒರೆಸುವ ನೆಪದಲ್ಲಿ ಚೇತನಾ ಮುಟ್ಟಿದರು. ಮೂರು ತಿಂಗಳಿಗೆ ಅದು ಕೆಟ್ಟಿತು, ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬರಲು ಹದಿನೈದು ದಿನ ಎಂದರು. ಚೇತನಾ ಅಪ್ಪನ ಪಂಚೆಯಂಥದೇ ಒಂದು ಬಟ್ಟೆ ಹಾಸಿ ಬಿಚ್ಚಿದರು. ಒಂದು ತಂತಿ ಸಡಿಲವಾಗಿತ್ತು, ಅಷ್ಟೇ. ಆದರೆ ಊರಲ್ಲಿ ಸುದ್ದಿಯಾಯಿತು.

2000ದ ಹೊತ್ತಿಗೆ ಅವರು ಸ್ವತಂತ್ರವಾಗಿ ರಿಪೇರಿಗೆ ಓಡಾಡತೊಡಗಿದ್ದರು. ಹೋದಲ್ಲೆಲ್ಲ ಜನ ಬಾಗಿಲು ತೆಗೆದು ಇವರ ಬೆನ್ನ ಹಿಂದೆ ಇಣುಕಿ ನೋಡುತ್ತಿದ್ದರಂತೆ. “‘ಮೇಸ್ತ್ರಿ ಎಲ್ಲಿ?’ ಅಂತ ಕೇಳೂರು. ನಾನೇ ಅಂದ್ರೆ ‘ಹೌದಾ, ಕೂತ್ಕೊಳ್ಳಿ’ ಅನ್ನೂರು. ಆದ್ರೆ ಯಂತ್ರ ಇದ್ದ ಕೋಣೆ ತೋರಿಸ್ತಿರಲಿಲ್ಲ” ಎಂದು ನಗುತ್ತಾರೆ.

ಪುಕ್ಕಟೆಯಾಗಿ ಸಿಗುವ ಲಿನಕ್ಸ್ ಎಂಬ ವ್ಯವಸ್ಥೆಯ ಪರಿಚಯವಾದದ್ದು ಒಂದು ಪತ್ರಿಕೆಯ ಜೊತೆ ಬಂದ ಸಿ.ಡಿ.ಗಳಿಂದ. ಬಡ ಶಾಲೆಗಳಿಗೂ ಆಸ್ಪತ್ರೆಗಳಿಗೂ ಅದು ಅನುಕೂಲವಾಯಿತು. ಆದರೆ ಅದು ಆಡುವ ಮಾತೆಲ್ಲ ಇಂಗ್ಲಿಷಿನಲ್ಲಿ. ಚೇತನಾ ಪರದೆಯ ಮೇಲೆ ಬಂದ ಪ್ರತಿ ಸಾಲನ್ನೂ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡು, ನಿಘಂಟಿನಲ್ಲಿ ಹುಡುಕಿ, ಪಕ್ಕದಲ್ಲಿ ಕನ್ನಡ ಬರೆಯತೊಡಗಿದರು. “ಒಂದು ಸಲ ‘ಫೇಟಲ್’ ಅಂತ ಬಂತು. ನಿಘಂಟು ನೋಡಿದ್ರೆ ‘ಪ್ರಾಣಾಂತಕ’ ಅಂತ ಅದೆ. ಎದ್ದು ಹೊರಗೆ ಹೋಗಿ ಅಂಗಳದಲ್ಲಿ ನಿಂತ್ಕೊಂಡೆ.” ಒಂದು ತಂತ್ರಾಂಶ ಇನ್ನೊಂದನ್ನು ನೆಚ್ಚಿಕೊಂಡಿರುವುದಕ್ಕೆ ಇಂಗ್ಲಿಷಿನಲ್ಲಿ ಉದ್ದದ ಮಾತಿದೆ. ಚೇತನಾ ಅದಕ್ಕೆ ‘ಹಂಗು’ ಎಂದು ಬರೆದುಕೊಂಡಿದ್ದಾರೆ. ಇದಕ್ಕೆ ಅದರ ಹಂಗು, ಅದಕ್ಕೆ ಮತ್ತೊಂದರ ಹಂಗು. ಅಂಥ ನೋಟ್‌ಬುಕ್ಕುಗಳು ಈಗ ಹನ್ನೊಂದು ಇವೆ.

2002ರಲ್ಲಿ ನಡೆದದ್ದನ್ನು ಹೇಳುವಾಗ ಅವರ ದನಿ ತಗ್ಗುತ್ತದೆ. ಸಿದ್ದಾಪುರದ ಒಂದು ಗ್ರಂಥಾಲಯದ ಕಂಪ್ಯೂಟರ್ ನಿಂತಿತ್ತು. ಬ್ಯಾಡಗಿ ಕಡೆಯಿಂದ ವರ್ಗವಾಗಿ ಬಂದಿದ್ದ ಗ್ರಂಥಪಾಲಕ ಶಿವಪುತ್ರಪ್ಪನವರು ಎರಡು ವರ್ಷ ಕೂತು ಆರು ಸಾವಿರದ ನಾನೂರು ಪುಸ್ತಕಗಳ ವಿವರ ಅದರಲ್ಲಿ ತುಂಬಿಸಿದ್ದರು. ಚೇತನಾಗೆ ಅವತ್ತು ಮೂರು ಗಂಟೆಯ ಬಸ್ಸು ಹಿಡಿಯಬೇಕಿತ್ತು. ಕೆಟ್ಟದ್ದೆಲ್ಲಿ ಎಂದು ಹುಡುಕುವ ಬದಲು ಎಲ್ಲ ಅಳಿಸಿ ಹೊಸದಾಗಿ ಕೂರಿಸುವುದು ಸುಲಭ ಅನ್ನಿಸಿತು. ಪ್ರತಿ ತೆಗೆದಿಟ್ಟಿದ್ದೀರಾ ಎಂದು ಕೇಳಿದರು. ‘ಐತ್ರಿ’ ಎಂದು ಶಿವಪುತ್ರಪ್ಪ ಒಂದು ಫ್ಲಾಪಿ ತೋರಿಸಿದರು. ಅದು ಖಾಲಿ ಎಂಬುದು ಗೊತ್ತಾದದ್ದು ಎಲ್ಲ ಅಳಿಸಿದ ಮೇಲೆ.

“ಬೈದಿದ್ರೆ ಅಳು ಬಂದು ಹೋಗ್ತಿತ್ತು. ಅವರು ಬೈಲಿಲ್ಲ. ಕಪಾಟಿನಿಂದ ಒಂದನೇ ನಂಬರಿನ ಪುಸ್ತಕ ತೆಗೆದು, ಕನ್ನಡಕ ಒರೆಸ್ಕೊಂಡು, ಟೈಪ್ ಮಾಡೂಕೆ ಶುರು ಮಾಡಿದ್ರು. ನಾ ಬಾಗಿಲಲ್ಲಿ ನಿಂತಿದ್ದೆ.”

ಮುಂದಿನ ಏಳು ತಿಂಗಳು ಪ್ರತಿ ಭಾನುವಾರ ಚೇತನಾ ಸಿದ್ದಾಪುರಕ್ಕೆ ಹೋದರು. ಗ್ರಂಥಪಾಲಕರು ಒಂದನೇ ನಂಬರಿನಿಂದ ಮುಂದಕ್ಕೆ, ಇವರು ಕೊನೆಯ ನಂಬರಿನಿಂದ ಹಿಂದಕ್ಕೆ ಟೈಪ್ ಮಾಡುತ್ತ ಬಂದು ಒಂದು ದಿನ ಮೂರು ಸಾವಿರದ ಒಂದುನೂರರ ಹತ್ತಿರ ಸೇರಿದರು. ಆ ಏಳು ತಿಂಗಳಲ್ಲಿ ಶಿವಪುತ್ರಪ್ಪ ಒಮ್ಮೆಯೂ ಆ ವಿಷಯ ಎತ್ತಲಿಲ್ಲ.

ಇನ್ನು ಆಸ್ಪತ್ರೆಯ ಸಂಗತಿ.

2006ರ ನವೆಂಬರಿನ ಆ ಮಂಗಳವಾರ ಹುಬ್ಬಳ್ಳಿಯ ಒಬ್ಬ ತಂತ್ರಜ್ಞ ಆಸ್ಪತ್ರೆಯ ಕಂಪ್ಯೂಟರಿಗೆ ಹೊಸ ಆವೃತ್ತಿಗಳನ್ನು ಹಾಕುತ್ತಿದ್ದ. ಕೆಲಸ ಅರ್ಧವಾಗಿದ್ದಾಗ ಕರೆಂಟು ಹೋಯಿತು. ಯುಪಿಎಸ್‌ನ ಬ್ಯಾಟರಿ ಎರಡು ನಿಮಿಷ ಕೂಗಿ ಸುಮ್ಮನಾಯಿತು. ಮತ್ತೆ ಚಾಲೂ ಮಾಡಿದಾಗ ಕಪ್ಪು ಪರದೆ ಬಂತು, ಬಿಳಿ ಅಕ್ಷರ ಬಂದವು, ರೋಗಿಗಳ ದಾಖಲೆ ಮಾತ್ರ ತೆರೆಯಲಿಲ್ಲ. ಸಂಜೆವರೆಗೆ ಗುದ್ದಾಡಿದ ತಂತ್ರಜ್ಞ, ಗುರುವಾರ ಬಂದು ಎಲ್ಲ ಅಳಿಸಿ ಹೊಸದಾಗಿ ಹಾಕುತ್ತೇನೆ ಎಂದು ಹೇಳಿ ಹೋದ. ಆಸ್ಪತ್ರೆಯಲ್ಲಿದ್ದ ದಾಖಲೆಗಳ ನಕಲು ಐದು ತಿಂಗಳು ಹಳೆಯದು. ಶಿಬಿರ ಶನಿವಾರ.

ಗುರುಶಾಂತವ್ವ ಹಾವೇರಿ ಕಡೆಯವರು, ಇಪ್ಪತ್ತೆಂಟು ವರ್ಷದಿಂದ ನರ್ಸ್. ಟೈಪಿಂಗ್ ಅವರಿಗೆ ಕಲಿಸಿದ್ದೇ ಚೇತನಾ. ಅವತ್ತು ಸಂಜೆ ಫೋನ್ ಮಾಡಿದರು. “ಚೇತನಾ, ಯಂತ್ರ ಚಾಲೂ ಆಗ್ತೈತಿ, ಆದ್ರ ನಮ್ಮ ಪೇಷಂಟ್ ಮಂದಿ ಒಬ್ಬರೂ ಕಾಣವಲ್ರು. ಎಲ್ಲಾ ಅಳಿಸಿ ಹಾಕ್ತೀವಿ ಅಂತಾರವ್ವ. ನನಗ ಎದಿ ಹೊಡಕೊಳ್ಳಾಕತ್ತೈತಿ.”

“ಅಕ್ಕಾ, ಈಗ ಹ್ಯಾಂಗದೆಯೋ ಹಾಂಗೇ ಇರ್ಲಿ. ಯಾರೂ ಕೈ ಹಚ್ಚೂದು ಬೇಡ. ನಾ ಬೆಳಿಗ್ಗೆ ಬತ್ತೆ.”

ಬುಧವಾರ ಒಂಬತ್ತೂವರೆಗೆ ಯಲ್ಲಾಪುರದಲ್ಲಿ ಇಳಿದ ಚೇತನಾ ಮೊದಲ ದಿನ ಏನನ್ನೂ ರಿಪೇರಿ ಮಾಡಲಿಲ್ಲ. ತಾವು ತಂದಿದ್ದ ಖಾಲಿ ಡಿಸ್ಕಿಗೆ ಆ ಕೆಟ್ಟ ಡಿಸ್ಕನ್ನು ಇದ್ದಂತೆಯೇ, ಅದರ ಕೆಡುಕಿನ ಸಮೇತ, ನಕಲು ಮಾಡಲು ಕೂತರು. ಸಾ ಮಿಲ್ಲಿನವರು ಊಟಕ್ಕೆ ನಿಲ್ಲಿಸಿದಾಗ ಒಂದು ತಾಸು, ಸಂಜೆ ಮುಚ್ಚಿದ ಮೇಲೆ ಉಳಿದದ್ದು. ಆಸ್ಪತ್ರೆಯ ವೈದ್ಯ ಸಂದೇಶ ಹೆಗಡೆಯವರು ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದರು. ಮೂರನೇ ಸಲ ಒಳಗೆ ಬಂದು ಕೇಳಿಯೇಬಿಟ್ಟರು.

“ಚೇತನಾ, ನಂಗೆ ಯಂತ್ರ ಹಳತಾದ್ರೂ ಅಡ್ಡಿಲ್ಲೆ, ಹೊಸತಾದ್ರೂ ಅಡ್ಡಿಲ್ಲೆ. ಶನಿವಾರ ನೂರಾ ನಲವತ್ತು ಜನ ಬರ್ತಾರೆ. ಅವರವರ ಮಾತ್ರೆ ಎಷ್ಟು ಅಂತ ಗೊತ್ತಾಗ್ಬೇಕು. ಹೊಸದಾಗಿ ಹಾಕಿಸಿದ್ರೆ ಎಂತ ತೊಂದರೆ?”

“ದಾಖಲೆ ಎಲ್ಲ ಡಿಸ್ಕಿನಲ್ಲೇ ಅದೆ ಡಾಕ್ಟ್ರೇ, ನಾನು ನಕಲೂ ತೆಗೀತಾ ಇದ್ದೆ. ಆದ್ರೆ ಅದನ್ನ ಓದುವ ತಂತ್ರಾಂಶ ಯಾರೋ ವಿದ್ಯಾರ್ಥಿ ಬರೆದುಕೊಟ್ಟದ್ದು. ಅದು ಈ ಹಳೇ ವ್ಯವಸ್ಥೆಗೆ ಮಾತ್ರ ಒಗ್ಗಿದೆ. ಹೊಸತರಲ್ಲಿ ಅದನ್ನ ಕೂರಿಸೂದು ಹ್ಯಾಂಗೆ ಅಂತ ಎಲ್ಲೂ ಬರೆದಿಟ್ಟಿಲ್ಲ. ನಂಗೆ ಶುಕ್ರವಾರ ಮಧ್ಯಾಹ್ನದ ತನಕ ಬಿಡಿ.”

“ಆಗದಿದ್ರೆ?”

“ಆಗದಿದ್ರೆ ಹುಬ್ಬಳ್ಳಿಗೆ ನಾನೇ ಫೋನ್ ಮಾಡ್ತೆ.”

ವೈದ್ಯರು ಒಪ್ಪಿ, ತಂತ್ರಜ್ಞನಿಗೆ ಗುರುವಾರ ಬರುವುದು ಬೇಡ ಎಂದು ತಿಳಿಸಿದರು. ಅವರು ಹೋದ ಮೇಲೆ ಗುರುಶಾಂತವ್ವ ಕುರ್ಚಿ ಎಳೆದುಕೊಂಡು ಕೂತು, ನಿಜವಾಗಿ ಆದದ್ದೇನು ಎಂದು ಕೇಳಿದರು. ಚೇತನಾ ಅವರಿಗೆ ಹೇಳಿದ್ದು ಹೀಗೆ:

“ನಿಮ್ಮ ಔಷಧಿ ಕೋಣೆ ಅದೆ ಅಂತಿಟ್ಕೊಳ್ಳಿ. ಸ್ಟಾಕ್ ಬುಕ್ಕಿನ ಮೇಲೆ ನೀರು ಬಿದ್ದು ಹಾಳಾಯ್ತು. ಔಷಧಿ ಎಲ್ಲ ಕಪಾಟಿನಲ್ಲೇ ಅದೆ. ಆದ್ರೆ ಬುಕ್ಕು ನೋಡುವವರಿಗೆ ಕೋಣೆ ಖಾಲಿ. ಈ ಯಂತ್ರನೂ ಹಾಂಗೇ, ತನ್ನಲ್ಲಿ ಯಾವ ಯಾವ ತಂತ್ರಾಂಶ ಅದೆ, ಯಾವುದಕ್ಕೆ ಯಾವುದರ ಹಂಗು ಅಂತ ಒಂದು ದಾಖಲೆ ಇಟ್ಕೊಂಡಿರ್ತದೆ. ಕರೆಂಟು ಹೋದಾಗ ಅದು ಹರಿದುಹೋಗಿದೆ. ಅವರು ಹಾಕ್ತಿದ್ದ ಹೊಸ ತಂತ್ರಾಂಶದ ಒಂದು ತುಣುಕು ಅರ್ಧಂಬರ್ಧ ಆಗಿದ್ದಕ್ಕೆ ನಿಮ್ಮ ಪಟ್ಟಿ ತೆರೀತಿಲ್ಲ. ಆ ತುಣುಕು ಮತ್ತೆ ಹಾಕೂಕೆ ಹೋದ್ರೆ, ‘ಇದಕ್ಕೆ ಬೇಕಾದ್ದು ನನ್ನಲ್ಲಿಲ್ಲ’ ಅಂತದೆ. ಎಲ್ಲ ಅದರಲ್ಲೇ ಅದೆ, ಅದಕ್ಕೆ ಗೊತ್ತಿಲ್ಲ ಅಷ್ಟೇ.”

ಗುರುಶಾಂತವ್ವ ಪರದೆ ನೋಡಿ, “ಪಾಪ” ಎಂದರಂತೆ.

ಗುರುವಾರ ಬೆಳಗಿನ ಐದಕ್ಕೆ ಕೆಲಸ ಶುರುವಾಯಿತು. ಹರಿದ ದಾಖಲೆಯನ್ನು ಒಂದು ಬದಿಗೆ ತೆಗೆದಿಟ್ಟು, ಅದನ್ನು ತಿದ್ದದಂತೆ ತಡೆದು ಕೂತಿದ್ದ ಹಳೆಯ ‘ಬೀಗ’ದ ಕಡತಗಳನ್ನು ಸರಿಸಿ, ದಾಖಲೆಯನ್ನು ಮತ್ತೆ ಕಟ್ಟಿಕೊಳ್ಳಲು ಯಂತ್ರಕ್ಕೆ ಅಪ್ಪಣೆ ಕೊಟ್ಟರು. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುವುದುಂಟು. ಈ ಸಲ ಮುನ್ನೂರ ಹನ್ನೊಂದು ತಂತ್ರಾಂಶಗಳ ಹೆಸರು ಮಾತ್ರ ಬಂದವು. ಒಟ್ಟು ಎಷ್ಟಿರಬೇಕು ಎಂಬುದೇ ಯಾರಿಗೂ ಗೊತ್ತಿಲ್ಲ.

ಚೇತನಾ ನೋಟ್‌ಬುಕ್ಕುಗಳನ್ನು ತಿರುವಿದರು. 2004ರಲ್ಲಿ ತಾವೇ ಬರೆದುಕೊಂಡಿದ್ದ ಒಂದು ಸಾಲು ಕಣ್ಣಿಗೆ ಬಿತ್ತು: ‘ದಿನಾ ಬೆಳಗಿನ ಜಾವ 4.02ಕ್ಕೆ ಯಂತ್ರ ತನ್ನಲ್ಲಿರುವ ಎಲ್ಲದರ ಹೆಸರು ಒಂದು ಕಡತದಲ್ಲಿ ಬರೆದಿಡುತ್ತದೆ. ಯಾಕೋ ಗೊತ್ತಿಲ್ಲ.’ ಆ ಹೊತ್ತಿಗೆ ಯಂತ್ರ ಚಾಲೂ ಇದ್ದರೆ ಮಾತ್ರ ಬರೆಯುತ್ತದೆ. ಶಾಲೆಯ ಯಂತ್ರಗಳು ಸಂಜೆಯೇ ಬಂದಾಗುತ್ತವೆ. ಆದರೆ ಆಸ್ಪತ್ರೆಯದು ರಾತ್ರಿಪಾಳಿಯ ನರ್ಸಿಗಾಗಿ ಚಾಲೂ ಇರುತ್ತದೆ. ಹುಡುಕಿದರು. ಸಿಕ್ಕಿತು. ಮಂಗಳವಾರ ಬೆಳಗಿನ ನಾಲ್ಕು ಗಂಟೆ ಎರಡು ನಿಮಿಷದ್ದು, ಕರೆಂಟು ಹೋಗುವುದಕ್ಕೆ ಹನ್ನೊಂದು ತಾಸು ಮೊದಲಿನದು. ಎಂಟುನೂರಾ ನಲವತ್ತಾರು ಹೆಸರು, ಒಂದೊಂದಕ್ಕೂ ಒಂದು ಸಾಲು.

“ಅಕ್ಕನ್ನ ಎಬ್ಬಿಸಿ ಕರ್ಕೊಂಡು ಬಂದೆ. ‘ನೋಡಿ, ಸ್ಟಾಕ್ ಬುಕ್ಕಿನ ನಕಲು ಸಿಕ್ತು’ ಅಂದೆ. ಇಬ್ರೂ ಪ್ರಿಂಟ್ ತೆಗೆದು ನೆಲದ ಮೇಲೆ ಹಾಸಿದ್ವಿ. ಕೋಣೆ ಸಾಲಲಿಲ್ಲ, ವರಾಂಡದ ತನಕ ಹೋಯ್ತು.”

ಮುಂದಿನದು ತಾಳ್ಮೆಯ ಕೆಲಸ. ಪತ್ರಿಕೆಯ ಜೊತೆ ಬಂದಿದ್ದ ಲಿನಕ್ಸಿನ ಐದು ಮೂಲ ಸಿ.ಡಿ.ಗಳನ್ನು ಒಂದೊಂದಾಗಿ ಹಾಕಿ, ಪಟ್ಟಿಯಲ್ಲಿ ಇರುವ ಒಂದೊಂದನ್ನೂ ಹುಡುಕಿ, ಕಪಾಟಿನ ಸರಕನ್ನು ಮುಟ್ಟದೆ ಬುಕ್ಕಿನಲ್ಲಿ ಮಾತ್ರ ನಮೂದಿಸುವುದು. ಗುರುಶಾಂತವ್ವ ಹೆಸರಿನ ಅಕ್ಷರಗಳನ್ನು ಬಿಡಿಸಿ ಓದುವರು, ಚೇತನಾ ಹೊಡೆಯುವರು, ಮುಗಿದದ್ದಕ್ಕೆ ಕೆಂಪು ಪೆನ್ಸಿಲಿನ ಗೀಟು. ಹುಬ್ಬಳ್ಳಿಯವನು ಹಾಕುತ್ತಿದ್ದ ಹೊಸ ಆವೃತ್ತಿಗಳು ಇಪ್ಪತ್ತೇಳು ಇದ್ದವು. ಅವುಗಳಲ್ಲಿ ಯಾವುದು ಪೂರ್ತಿಯಾಗಿದೆ, ಯಾವುದು ಅರ್ಧಕ್ಕೆ ನಿಂತಿದೆ ಎಂದು ಒಂದೊಂದನ್ನೂ ತೆರೆದು ನೋಡಬೇಕಾಯಿತು. ರೋಗಿಗಳ ಪಟ್ಟಿಯನ್ನು ತಡೆದು ನಿಲ್ಲಿಸಿದ್ದ ತುಣುಕೂ ಅಲ್ಲಿ ಪತ್ತೆಯಾಯಿತು. ಅದರ ಹಳೆಯ ಆವೃತ್ತಿ ಬೇಕು. ಅದು ಇರುವುದು ಮೂರನೇ ಸಿ.ಡಿ.ಯಲ್ಲಿ.

ಮೂರನೇ ಸಿ.ಡಿ. ತೆಗೆದು ನೋಡಿದರೆ ಮಧ್ಯದಿಂದ ಅಂಚಿಗೆ ಸೀಳು ಬಿಟ್ಟಿತ್ತು. ಬಸ್ಸಿನಲ್ಲಿ ಯಾರೋ ಚೀಲದ ಮೇಲೆ ಕೂತಿರಬೇಕು.

ಅದೇ ಪತ್ರಿಕೆ, ಅದೇ ತಿಂಗಳ ಸಿ.ಡಿ.ಗಳು ಇನ್ನೊಬ್ಬರ ಹತ್ತಿರ ಇದ್ದದ್ದು ಚೇತನಾಗೆ ಗೊತ್ತಿತ್ತು. ಗ್ರಂಥಾಲಯದವರು ಹಳೆಯ ಪತ್ರಿಕೆಗಳನ್ನು ರದ್ದಿಗೆ ಹಾಕುವಾಗ ಶಿವಪುತ್ರಪ್ಪ ಅವನ್ನು ಎತ್ತಿಟ್ಟುಕೊಂಡಿದ್ದರು. ನಿವೃತ್ತಿಯಾದರೂ ಅವರು ಸಿದ್ದಾಪುರ ಬಿಟ್ಟಿರಲಿಲ್ಲ. ಸೀತಮ್ಮ ಎಂಬ ಹವ್ಯಕ ಅಜ್ಜಿಯೊಬ್ಬರ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದರು. ಎಂಟು ಗಂಟೆಗೆ ಸಾ ಮಿಲ್ಲು ಶುರುವಾದದ್ದೇ ಚೇತನಾ ಬಸ್ ಸ್ಟ್ಯಾಂಡಿಗೆ ಓಡಿದರು. ಶಿರಸಿಯಲ್ಲಿ ಬಸ್ಸು ಬದಲಿಸಿ ಸಿದ್ದಾಪುರ ಮುಟ್ಟಿದಾಗ ಹನ್ನೆರಡು ದಾಟಿತ್ತು.

ಶಿವಪುತ್ರಪ್ಪ ಟ್ರಂಕಿನಿಂದ ಲಕೋಟೆ ತೆಗೆದರು. ಒಂದು, ಎರಡು, ನಾಲ್ಕು, ಐದು ಇದ್ದವು. ಮೂರನೆಯ ಹೊದಿಕೆ ಖಾಲಿ. “ಇಲ್ಲೇ ಇತ್ತಲ್ರೀ, ನಾ ಯಾರಿಗೂ ಕೊಟ್ಟಿಲ್ಲ” ಎಂದು ಟ್ರಂಕಿನ ಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿದರು.

ಕಿಟಕಿಯಾಚೆ ಹೂ ಕೊಯ್ಯುತ್ತಿದ್ದ ಸೀತಮ್ಮ ಇಣುಕಿದರು. “ಎಂತ ಹುಡುಕ್ತಾ ಇದ್ರಿ? ಆ ಹೊಳೆಯ ತಟ್ಟೆಯಾ? ಪೇರಲೆ ಮರಕ್ಕೆ ಗಿಳಿ ಬತ್ತು ಹೇಳಿ ಹೆದರ್ಸಲೆ ನಾನೇ ಕಟ್ಟಿದ್ದೆ. ಟೇಬಲ್ ಮೇಲೆ ಸುಮ್ನೇ ಬಿದ್ದಿತ್ತು, ಎಂತಕ್ಕೂ ಬೇಡದ್ದು ಹೇಳಿ ತಿಳ್ಕಂಡಿದ್ದೆ.”

ಮರದಲ್ಲಿ ಐದು ತಟ್ಟೆಗಳು ಬಿಸಿಲಿಗೆ ಮಿಂಚುತ್ತ ತಿರುಗುತ್ತಿದ್ದವು. ಮೂರು ಭಜನೆಯವು, ಒಂದು ಮದುವೆಯದು. ಎಲ್ಲಕ್ಕಿಂತ ಮೇಲಿನ ಟೊಂಗೆಯಲ್ಲಿದ್ದದ್ದು ಇವರದು. ಚೇತನಾ ಸೀರೆ ಸೊಂಟಕ್ಕೆ ಕಟ್ಟಿ ಹತ್ತಿ ಬಿಚ್ಚಿಕೊಂಡು ಬಂದರು. ಮಂಜು, ದೂಳು, ಹಕ್ಕಿಯ ಹಿಕ್ಕೆ ಎಲ್ಲ ಅದರ ಮೇಲಿತ್ತು.

“ಇದರಿಂದ ಆಸ್ಪತ್ರೆ ನೆಡೆತ್ತಾ?” ಎಂದು ಸಂಗತಿ ತಿಳಿದ ಸೀತಮ್ಮ ಕೇಳಿದರು.

“ಯಂತ್ರಕ್ಕೆ ಇದು ಓದೂಕೆ ಬಂದ್ರೆ ನಡೀತದೆ ಅಮ್ಮಾ.”

ಸೀತಮ್ಮ ತಟ್ಟೆಯನ್ನು ಇಸಿದುಕೊಂಡು ಬಚ್ಚಲಿಗೆ ಹೋದರು. ಬೆಳ್ಳಿ ಸಾಮಾನು ತೊಳೆಯಲು ನೆನೆಸಿಟ್ಟಿದ್ದ ಅಂಟುವಾಳದ ನೊರೆಯಲ್ಲಿ ಅದನ್ನು ಮೆಲ್ಲಗೆ ತೊ‌ಳೆದರು. ಸುತ್ತಿ ಸುತ್ತಿ ಒರೆಸಬಾರದು, ನಡುವಿನಿಂದ ಅಂಚಿಗೆ ಒರೆಸಬೇಕು ಎಂದು ಚೇತನಾ ಹೇಳಿದಂತೆಯೇ ಹಳೆಯ ಹತ್ತಿ ಸೀರೆಯ ತುಂಡಿನಿಂದ ಒರೆಸಿ ಕೈಗೆ ಕೊಟ್ಟರು. ಕಣ್ಣಿನಲ್ಲಿ ತಪ್ಪು ಮಾಡಿದ ಅಳುಕಿತ್ತು ಎಂದು ಚೇತನಾ ಈಗಲೂ ನೆನೆಯುತ್ತಾರೆ.

ಬಸ್ಸಿನವರೆಗೆ ಶಿವಪುತ್ರಪ್ಪ ಜೊತೆಗೆ ಬಂದರು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು ಹೇಳಿದರು: “ಈ ಸಲ ಒಂದನೇ ನಂಬರಿನಿಂದ ಶುರು ಮಾಡೂದು ಬ್ಯಾಡ ನೋಡ್ರಿ ಬಾಯಾರ.” ಹೇಳಿ ಅವರೇ ನಕ್ಕರು. ನಾಲ್ಕು ವರ್ಷದಲ್ಲಿ ಅವರು ಆ ವಿಷಯ ಎತ್ತಿದ್ದು ಅದೇ ಮೊದಲು. ಚೇತನಾ ಕೂಡ ನಕ್ಕರು. ಬಸ್ಸು ಊರು ದಾಟಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಪಕ್ಕದ ಸೀಟಿನವರು ದೂಳು ಬಿತ್ತೆಂದು ತಿಳಿದು ಕಿಟಕಿ ಮುಚ್ಚಿದರಂತೆ.

ಯಲ್ಲಾಪುರ ಮುಟ್ಟುವಾಗ ರಾತ್ರಿ ತಡವಾಗಿತ್ತು; ಶುಕ್ರವಾರ ಬೆಳಿಗ್ಗೆ ಐದಕ್ಕೆ ಮತ್ತೆ ಅದೇ ಕೋಣೆ. ಮೂರನೇ ಸಿ.ಡಿ. ಒಳಗೆ ಹೋಗಿ ಗಿರಗಿರ ತಿರುಗಿ, ನಿಂತು, ಮತ್ತೆ ತಿರುಗಿತು. ಓದಲಾಗದು ಎಂಬ ಸಾಲು ಬಂತು. ತೆಗೆದು ಒರೆಸಿ ಹಾಕಿದರು. ಮತ್ತೆ ಅದೇ. ಮೂರನೇ ಸಲವೂ ಅದೇ. ಗುರುಶಾಂತವ್ವ ಕೈಮುಗಿದು ಹೊರಗೆ ಹೋಗಿ ನಿಂತರು. ನಾಲ್ಕನೇ ಸಲ ತಟ್ಟೆ ಒಂದೇ ಸಮ ತಿರುಗತೊಡಗಿತು. ಹೆಸರುಗಳು ಒಂದೊಂದಾಗಿ ನಮೂದಾದವು. ಏಳೂಕಾಲಿಗೆ ಎಂಟುನೂರಾ ನಲವತ್ತಾರರಲ್ಲಿ ಎಂಟುನೂರಾ ಮೂವತ್ತೇಳು ಬಂದಿದ್ದವು. ಬಾರದ ಒಂಬತ್ತು ಆಟಗಳಿಗೂ ದೂರದೇಶದ ಲಿಪಿಗಳಿಗೂ ಸೇರಿದವು. ಚೇತನಾ ಆ ಒಂಬತ್ತನ್ನೂ ಒಂದು ಹಾಳೆಯಲ್ಲಿ ಬರೆದು, ‘ಇವು ದಾಖಲೆಯಲ್ಲಿ ಇಲ್ಲ’ ಎಂದು ದಿನಾಂಕ ಹಾಕಿ ಕಪಾಟಿನ ಒಳಬಾಗಿಲಿಗೆ ಅಂಟಿಸಿದರು. ಅದು ಇವತ್ತಿಗೂ ಅಲ್ಲಿದೆ.

ಕೊನೆಗೆ ಅರ್ಧಕ್ಕೆ ನಿಂತಿದ್ದ ಆ ತುಣುಕನ್ನು ತೆಗೆದು, ಹಳೆಯದನ್ನು ಕೊಟ್ಟರು. ಈ ಸಲ ಯಂತ್ರ ತನ್ನಲ್ಲಿ ಇಲ್ಲ ಎನ್ನಲಿಲ್ಲ. ತೆಗೆದುಕೊಂಡಿತು. ಏಳೂ ನಲವತ್ತಕ್ಕೆ ರೋಗಿಗಳ ಪಟ್ಟಿ ತೆರೆಯಿತು.

ಗುರುಶಾಂತವ್ವ ನಂಬಲಿಲ್ಲ. “ಮಾಸ್ತಿದು ತೆಗಿ ನೋಡೂಣು” ಎಂದರು. ಮಾಸ್ತಿ ಪಕ್ಕದ ಡಿಪೋದಲ್ಲಿ ದಿಮ್ಮಿ ಏರಿಸುವ ಆಳು. ಮೂರ್ಛೆ ಬಂದು ಎರಡು ಸಲ ಲಾರಿಯಿಂದ ಬಿದ್ದವನು. ಒಂದು ಮಾತ್ರೆಗೆ ಮೈಯೆಲ್ಲ ದದ್ದೆದ್ದಿತ್ತು, ಇನ್ನೊಂದಕ್ಕೆ ಎದ್ದು ನಿಲ್ಲಲಾಗದಷ್ಟು ನಿದ್ದೆ. ಅವನಿಗೆ ಹೊಂದುವ ಔಷಧ, ಹೊಂದುವ ಪ್ರಮಾಣ ಸಿಗಲು ಎರಡು ವರ್ಷ ಹಿಡಿದಿತ್ತು. ಪರದೆಯಲ್ಲಿ ಅವನ ಹೆಸರು ಬಂತು, ಕೆಳಗೆ ಎರಡು ವರ್ಷದ ಇಪ್ಪತ್ಮೂರು ಭೇಟಿಗಳು, ಎಲ್ಲಕ್ಕಿಂತ ಕೆಳಗೆ ಬೆಳಿಗ್ಗೆ ಒಂದು, ಸಂಜೆ ಒಂದೂವರೆ ಎಂದು ಬಂತು. “ಹೌದು, ಇದ ಐತಿ” ಎಂದ ಗುರುಶಾಂತವ್ವ ಚೇತನಾರ ತಲೆಯ ಮೇಲೆ ಕೈಯಿಟ್ಟರು. ಹೊರಗೆ ಸಾ ಮಿಲ್ಲು ಶುರುವಾಯಿತು.

ಶನಿವಾರ ನೂರಾ ನಲವತ್ಮೂರು ಜನ ಬಂದರು. ಮಾಸ್ತಿ ತನ್ನ ಸರದಿಯಲ್ಲಿ ಬಂದು, ಮೂರು ನಿಮಿಷ ಕೂತು, ಮಾತ್ರೆ ಇಸಿದುಕೊಂಡು ಕೆಲಸಕ್ಕೆ ಹೋದ. ಧಾರವಾಡದ ವೈದ್ಯರಿಗೆ ಏನೂ ಗೊತ್ತಾಗಲಿಲ್ಲ. ಅವತ್ತು ಸಂಜೆ ಎಕ್ಕಂಬಿಯ ಮನೆಯಲ್ಲಿ ಚೌಡ ನಾಯ್ಕರು ಮಗಳನ್ನು ಕೇಳಿದರು: “ನಾಕು ದಿನ ಎಂತ ರಿಪೇರಿ ಮಾಡಿದ್ಯೇ?”

“ಹೊಸತೆಂತ ಮಾಡ್ಲಿಲ್ಲ ಅಪ್ಪ. ಮಂಗಳವಾರ ಬೆಳಿಗ್ಗೆ ಹ್ಯಾಂಗಿತ್ತೋ ಹಾಂಗೆ ಮಾಡಿಟ್ಟು ಬಂದೆ.”

ಚೌಡ ನಾಯ್ಕರು ತಲೆಯಾಡಿಸಿ, “ಅದೇ ಕಷ್ಟದ್ದು” ಎಂದರಂತೆ. ಅಪ್ಪನ ಬಾಯಿಂದ ಬಂದ ಅಷ್ಟೇ ಮಾತನ್ನು ಚೇತನಾ ಎರಡು ಸಲ ಹೇಳುತ್ತಾರೆ.

ಈಗ ಗುರುಶಾಂತವ್ವ ಪ್ರತಿ ಸೋಮವಾರ ತಾವೇ ದಾಖಲೆಗಳ ಪ್ರತಿ ತೆಗೆಯುತ್ತಾರೆ. ತೆಗೆದದ್ದು ನಿಜವಾಗಿ ತೆರೆಯುತ್ತದೆಯೋ ಇಲ್ಲವೋ ಎಂದು ತೆರೆದು ನೋಡಿ ಸಹಿ ಹಾಕುತ್ತಾರೆ. ಸೋಮವಾರದ ಕೆಲಸದ ಪಟ್ಟಿಗೆ ‘ತೆರೆದು ನೋಡಿ’ ಎಂಬ ಆ ಒಂದು ಸಾಲನ್ನು ಚೇತನಾ ಒತ್ತಾಯ ಮಾಡಿ ಸೇರಿಸಿದ್ದಾರೆ. ಉಳಿದ ಮೂವತ್ತು ಯಂತ್ರಗಳಿಗೂ ಅಂಥ ಒಬ್ಬೊಬ್ಬರು ಸಿಕ್ಕಿದರೆ ಸಾಕು ಎಂಬುದು ಅವರ ಆಸೆ.

ಏಳು ಗಂಟೆಯಾಗುತ್ತಿದೆ. ಪರೀಕ್ಷೆ ಮುಗಿದಿದೆ, ಎಲ್ಲ ಸರಿ ಇದೆ. ವರಾಂಡದಲ್ಲಿ ಇವತ್ತಿನ ಶಿಬಿರಕ್ಕೆ ಬಂದವರು ಆಗಲೇ ಗೋಡೆಗೊರಗಿ ಕೂತಿದ್ದಾರೆ. ಚೇತನಾ ಹನ್ನೊಂದನೇ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಇಷ್ಟೆಲ್ಲ ಬರೆದಿಟ್ಟಿದ್ದನ್ನು ಪುಸ್ತಕ ಮಾಡಬಾರದೇ ಎಂದರೆ ಕೈ ಝಾಡಿಸುತ್ತಾರೆ.

“ಪುಸ್ತಕ ಎಲ್ಲ ಬೇಡ. ನಾಲ್ಕು ಪುಟ ಕನ್ನಡದಲ್ಲಿ ಅಚ್ಚು ಹಾಕಿಸಿ, ಒಂದೊಂದು ಯಂತ್ರದ ಪಕ್ಕಕ್ಕೂ ಗೋಡೆಗೆ ಅಂಟಿಸಬೇಕು ಅಂತ ಅದೆ. ನನ್ನ ಹಾಂಗೆ ಇಂಗ್ಲಿಷಲ್ಲಿ ನಪಾಸಾದವರಿಗೆ.”

ಮೊದಲ ಸಾಲು ಏನಿರುತ್ತದೆ?

ಚೇತನಾ ಯೋಚಿಸುವುದೇ ಇಲ್ಲ. ಅದು ಯಾವತ್ತೋ ಸಿದ್ಧವಾಗಿದೆ.

“‘ಅಳಿಸುವ ಮೊದಲು ಎದ್ದು ಹೋಗಿ ಒಂದು ಲೋಟ ಚಾ ಕುಡಿದು ಬನ್ನಿ’ ಅಂತ.”